ಪೇಟ ನಮ್ಮದು, ಗಡಿಯಾರ ಅವರದು

ಹೋದ ವರ್ಷದ ರಾಜ್ಯೋತ್ಸವಕ್ಕೆ ನಮ್ಮೂರಿನ ಮೇಯರ್ ಅವರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೆವು. ನಮ್ಮೂರು ಅಂದರೆ ಈಗಿನ ಊರು, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಒಂದು ಸಣ್ಣ ಪಟ್ಟಣ. ಸುತ್ತಮುತ್ತ ಸೇರಿ ಹದಿನಾರು ಕನ್ನಡದ ಮನೆ. ಚರ್ಚಿನ ಪಕ್ಕದ ಸಭಾಂಗಣ ಕಡಿಮೆ ಬಾಡಿಗೆಗೆ ಸಿಗುತ್ತದೆ. ಆಮಂತ್ರಣದಲ್ಲಿ ಮಧ್ಯಾಹ್ನ ಮೂರು ಗಂಟೆ ಅಂತ ಹಾಕಿದವನು ನಾನೇ. ಮೂರು ಅಂದರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರೂವರೆಗೆ ಜನ ಬರಲು ಶುರು. ನಾಲ್ಕಕ್ಕೆ ಪ್ರಾರ್ಥನೆ.

ಎರಡು ಐವತ್ತೈದಕ್ಕೆ ಮೇಯರ್ ಬಂದುಬಿಟ್ಟರು.

ಆ ಹೊತ್ತಿಗೆ ಅಲ್ಲಿ ಇದ್ದದ್ದು ಆರು ಜನ. ನಾನು ಏಣಿ ಮೇಲೆ ನಿಂತು ಹಳದಿ ಕೆಂಪು ಬಟ್ಟೆ ಕಟ್ಟುತ್ತಿದ್ದೆ. ಬಾಗಿಲಲ್ಲಿ ಹೆಂಡತಿಯ ರಂಗೋಲಿ ಅರ್ಧಕ್ಕೆ ನಿಂತಿತ್ತು. ಬಿಸಿಬೇಳೆಬಾತ್ ಯಾರದೋ ಕಾರಿನ ಡಿಕ್ಕಿಯಲ್ಲಿತ್ತು. ಮೈಕ್ ತರಬೇಕಿದ್ದ ಪುಣ್ಯಾತ್ಮ ಫೋನ್ ಎತ್ತುತ್ತಿರಲಿಲ್ಲ. "ರೀ, ಬಂದೇಬಿಟ್ರು ಕಣ್ರೀ" ಅಂತ ಹೆಂಡತಿ ಅಂದಾಗ ನಾನು ಏಣಿಯಿಂದ ಬೀಳುವುದೊಂದು ಬಾಕಿ.

ಎಪ್ಪತ್ತರ ಆಸುಪಾಸಿನ ಹೆಂಗಸು. ಕೊರಳಲ್ಲಿ ಮೇಯರ್ ಹುದ್ದೆಯ ದಪ್ಪ ಸರ. ರಂಗೋಲಿ ತುಳಿಯದ ಹಾಗೆ ಬಳಸಿಕೊಂಡು ಒಳಗೆ ಬಂದರು. ಗೋಡೆ ಪಕ್ಕ ಪೇರಿಸಿಟ್ಟ ಕುರ್ಚಿಗಳನ್ನು ನೋಡಿ, "ಸಾಲಿಗೆ ಎಷ್ಟು ಹಾಕಲಿ?" ಅಂತ ಕೇಳಿದರು. ಕೇಳಿ ಸುಮ್ಮನಾಗಲಿಲ್ಲ, ಹಾಕಲು ಶುರು ಮಾಡಿಯೇಬಿಟ್ಟರು. ಮುಖ್ಯ ಅತಿಥಿ ಕುರ್ಚಿ ಜೋಡಿಸುವುದನ್ನು ನೋಡುತ್ತಾ ನಿಲ್ಲುವ ಗತಿ ನನ್ನ ಶತ್ರುವಿಗೂ ಬೇಡ.

ನಾನು ಹತ್ತು ಸಲ ಕ್ಷಮೆ ಕೇಳಿದೆ. ಆಕೆ ನಕ್ಕರು. "ಬೇಗ ಬರುವುದು ನನ್ನ ಚಾಳಿ. ಈ ಜಿಲ್ಲೆಯಲ್ಲಿ ಪ್ರಿನ್ಸೆಸ್ ಆನ್ ಇರುವಾಗ ನಾವ್ಯಾರೂ ತಡ ಮಾಡುವ ಹಾಗಿಲ್ಲ" ಅಂದರು. ಆನ್ ಅಂದರೆ ಇಲ್ಲಿನ ದೊರೆಯ ತಂಗಿ, ಹೊತ್ತು ತಪ್ಪದವರು. ಮೇಯರ್ ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಅದು ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಒಂದು ವರ್ಷವಾದರೂ ಇಳಿದಿಲ್ಲ. ಇಳಿಸಿಕೊಳ್ಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ ಅಂದರೂ ಸರಿ.

ನಾನು ಮೈಸೂರಿನವನು. ಅರಸು ಮನೆತನ ಅಂದರೆ ನನ್ನ ಕಣ್ಣಿಗೆ ಕಟ್ಟುವುದೇ ಬೇರೆ. ಅಂಬಾರಿ, ಪಟ್ಟದ ಆನೆ, ರತ್ನಖಚಿತ ಸಿಂಹಾಸನ, ಲಕ್ಷ ದೀಪದ ಅರಮನೆ. ನಮ್ಮಜ್ಜಿ ನಾಲ್ವಡಿಯವರ ಫೋಟೊಗೆ ದೇವರ ಪಟಗಳ ಸಾಲಿನಲ್ಲೇ ಹೂ ಮುಡಿಸುತ್ತಿದ್ದಳು. ಜಯಚಾಮರಾಜ ಒಡೆಯರು ಅಂಬಾರಿಯಲ್ಲಿ ಕೂತು ಹೋಗುವುದನ್ನು ಸಯ್ಯಾಜಿರಾವ್ ರಸ್ತೆಯ ಯಾವುದೋ ಜಗಲಿ ಮೇಲೆ ನಿಂತು ನೋಡಿದ್ದಳಂತೆ. "ಮಹಾಸ್ವಾಮಿಯೋರು ನನ್ನ ಕಡೆನೇ ನೋಡಿದ್ರು" ಅಂತ ಸಾಯುವವರೆಗೂ ಹೇಳುತ್ತಿದ್ದಳು. ಆ ರಸ್ತೆಯಲ್ಲಿ ನಿಂತಿದ್ದ ಲಕ್ಷ ಜನರೂ ಹಾಗೇ ಹೇಳಿರಬೇಕು.

ಅಂಥ ಊರಿಂದ ಬಂದವನು ನಾನು ಹದಿನೇಳು ವರ್ಷದಿಂದ ಒಬ್ಬ ರಾಜಕುಮಾರಿಯ ನೆರೆಯಲ್ಲಿ ಇದ್ದೇನೆ. ಆನ್ ಅವರ ಮನೆ ಗ್ಯಾಟ್‌ಕೂಂಬ್ ಪಾರ್ಕ್ ಇದೇ ಗ್ಲಾಸ್ಟರ್‌ಶೈರ್‌ನಲ್ಲಿ. ಈಗಿನ ದೊರೆ ಮೂರನೇ ಚಾರ್ಲ್ಸ್ ಅವರ ಒಬ್ಬಳೇ ತಂಗಿ. 1950ರ ಆಗಸ್ಟ್ 15ರಂದು ಹುಟ್ಟಿದವರು. ನಾವು ಬ್ರಿಟಿಷರನ್ನು ಕಳಿಸಿ ಸರಿಯಾಗಿ ಮೂರು ವರ್ಷಕ್ಕೆ! ನಮ್ಮ ಮಕ್ಕಳು ಇಲ್ಲಿ ಧ್ವಜ ಹಾರಿಸಿ ಲಾಡು ತಿನ್ನುವ ದಿನವೇ ಅವರ ಹುಟ್ಟುಹಬ್ಬ. ಈ ವಿಷಯ ಹೇಳಿದರೆ ಊರಿನಲ್ಲಿ ಎಲ್ಲರೂ ನಗುತ್ತಾರೆ.

ಹದಿನೇಳು ವರ್ಷದಲ್ಲಿ ಅವರನ್ನು ಒಮ್ಮೆಯೂ ಕಂಡಿಲ್ಲ. ಕಂಡದ್ದು ಫಲಕಗಳನ್ನು. ಆಸ್ಪತ್ರೆಯ ಓಣಿಯಲ್ಲಿ, ಕಾಲೇಜಿನ ಮೆಟ್ಟಿಲ ಬಳಿ, ಲಿಫ್ಟಿನ ಪಕ್ಕದಲ್ಲಿ. ಅಂಗೈ ಎರಡು ಇಟ್ಟರೆ ಮುಚ್ಚಿಹೋಗುವಷ್ಟು ಫಲಕ. ಇಂಥ ದಿನ ಪ್ರಿನ್ಸೆಸ್ ರಾಯಲ್ (ಆನ್ ಅವರ ಪದವಿ ಅದು) ಅವರು ಇದನ್ನು ತೆರೆದರು, ಅಷ್ಟೇ. ಫೋಟೊ ಇಲ್ಲ, ಬಿರುದಾವಳಿ ಇಲ್ಲ. ಸಹಕರಿಸಿದ ಮೂವತ್ತು ಮುಖಂಡರ ಹೆಸರಿಲ್ಲ. ನಮ್ಮ ಕಡೆ ಒಂದು ಬಸ್ ಶೆಲ್ಟರ್ ಕಟ್ಟಿದರೂ ಎಷ್ಟು ಹೆಸರು ಕೆತ್ತಿಸುತ್ತೇವೆ ಅಂತ ನಿಮಗೇ ಗೊತ್ತು. ಕೂರುವ ಕಲ್ಲಿಗಿಂತ ಹೆಸರಿನ ಕಲ್ಲು ದೊಡ್ಡದಾಗಿರುತ್ತದೆ.

ಮೇಯರ್ ಬಂದುಹೋದ ಮೇಲೆ ನನಗೆ ಈ ಹೆಂಗಸಿನ ಮೇಲೆ ಒಂದು ಥರ ಹುಚ್ಚು ಹಿಡಿಯಿತು. ಓದಲು ಶುರು ಮಾಡಿದೆ.

ಇಲ್ಲಿ ಕೋರ್ಟ್ ಸರ್ಕ್ಯುಲರ್ ಅಂತ ಒಂದಿದೆ. ಅರಮನೆಯ ದಿನಚರಿ. ತನ್ನ ಬಗ್ಗೆ ಪತ್ರಿಕೆಯವರು ಏನೇನೋ ಬರೆಯುತ್ತಾರೆ ಅಂತ ಬೇಸತ್ತು ಮೂರನೇ ಜಾರ್ಜ್ ದೊರೆ 1803ರಲ್ಲಿ ಶುರು ಮಾಡಿಸಿದ್ದು. ಇವತ್ತಿಗೂ ನಡೆಯುತ್ತಿದೆ. ಯಾರು ಎಲ್ಲಿಗೆ ಹೋದರು, ಯಾವ ಸಂಸ್ಥೆ, ಯಾರು ಬರಮಾಡಿಕೊಂಡರು ಅಂತ ಒಣ ಭಾಷೆಯಲ್ಲಿ ಅಚ್ಚಾಗುತ್ತದೆ. ವಿಮೆ ಕೆಲಸದಿಂದ ನಿವೃತ್ತರಾದ ಒಬ್ಬರು ಹಲವು ದಶಕ ಅದನ್ನು ಕೂತು ಎಣಿಸಿದರು. ವರ್ಷದ ಕೊನೆಗೆ ಯಾರು ಎಷ್ಟು ಕಾರ್ಯಕ್ರಮ ಮಾಡಿದರು ಅಂತ ಪತ್ರಿಕೆಗೆ ಕಾಗದ ಬರೆಯುತ್ತಿದ್ದರು. ಆ ಲೆಕ್ಕದಲ್ಲಿ ವರ್ಷ ವರ್ಷವೂ ಮೇಲಿನ ಸಾಲಿನಲ್ಲಿ ಇರುತ್ತಿದ್ದ ಹೆಸರು ಆನ್. ಎಷ್ಟೋ ವರ್ಷ ಅವರ ಕಾರ್ಯಕ್ರಮಗಳು 400 ದಾಟಿವೆ. ಅವರ ನಂಟಿರುವ ಸಂಘ ಸಂಸ್ಥೆ, ಸೇನಾ ತುಕಡಿ ಎಲ್ಲ ಸೇರಿ 300ಕ್ಕೂ ಜಾಸ್ತಿ.

ಎಲ್ಲಿಗೆ ಹೋಗುತ್ತಾರೆ ಅಂತ ನೋಡಿದರೆ ಸುದ್ದಿಯಾಗುವ ಜಾಗ ಒಂದೂ ಇಲ್ಲ. ದೀಪಸ್ತಂಭ ನೋಡಿಕೊಳ್ಳುವ ಮಂಡಳಿ. ಕುರಿ ಸಾಕುವವರ ಮೇಳ. ಮನೆಯಲ್ಲೇ ಕಾಯಿಲೆಯವರನ್ನು ನೋಡಿಕೊಳ್ಳುವವರ ಕೇಂದ್ರ. ಈ ಕೊನೆಯದರ ಬಗ್ಗೆ ಒಂದು ಮಾತು. ಹಾಸಿಗೆ ಹಿಡಿದ ಗಂಡನನ್ನೋ ಬುದ್ಧಿ ಬೆಳೆಯದ ಮಗುವನ್ನೋ ನೋಡಿಕೊಳ್ಳುವ ಮನೆಯವರಿಗೂ ಒಂದು ಆಸರೆ ಬೇಕು ಅಂತ ಆನ್ 1991ರಲ್ಲೇ ತಮ್ಮ ಹೆಸರಿನಲ್ಲಿ ಒಂದು ಟ್ರಸ್ಟ್ ಶುರು ಮಾಡಿದರು. ನಮ್ಮಲ್ಲಿ ಅಂಥ ಹೆಣ್ಣುಮಗಳಿಗೆ "ಎಷ್ಟು ಸೇವೆ ಮಾಡ್ತಾಳೆ ಪುಣ್ಯಾತ್ಗಿತ್ತಿ" ಅನ್ನುತ್ತೇವೆ. ಅಂದು ಕಾಫಿ ಕುಡಿದು ಎದ್ದು ಬರುತ್ತೇವೆ.

ಇವರ ಭೇಟಿ ಹೇಗಿರುತ್ತದೆ ಅಂತಲೂ ಆ ಮೇಯರ್ ಅವರನ್ನೇ ಕೇಳಿ ತಿಳಿದುಕೊಂಡೆ. ವಾರಗಳ ಮೊದಲೇ ಕಚೇರಿಯವರೂ ಪೊಲೀಸರೂ ಬಂದು ಜಾಗ ನೋಡಿಕೊಂಡು ಹೋಗುತ್ತಾರೆ. ಇಳಿಯುವುದು ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ ಎಷ್ಟು ನಿಮಿಷ, ಹೊರಡುವುದು ಎಷ್ಟಕ್ಕೆ, ಎಲ್ಲ ಕಾಗದದ ಮೇಲೆ. ದೊರೆಯ ಪರವಾಗಿ ಜಿಲ್ಲೆಗೊಬ್ಬರು ಲಾರ್ಡ್ ಲೆಫ್ಟಿನೆಂಟ್ ಇರುತ್ತಾರೆ, ಅವರು ಬರಮಾಡಿಕೊಳ್ಳುತ್ತಾರೆ. ಕೆಲಸ ಮಾಡುವವರ ಜೊತೆ ಮಾತು. ಒಂದು ಮಗು ಪುಟ್ಟ ಹೂಗುಚ್ಛ ಕೊಡುತ್ತದೆ. ಗೊಂಬೆಯಾಟದ ಪರದೆಯಷ್ಟು ಚಿಕ್ಕ ಪರದೆ ಎಳೆಯುತ್ತಾರೆ, ಫಲಕ ಕಾಣುತ್ತದೆ. ಪುಸ್ತಕದಲ್ಲಿ ಸಹಿ. ಮುಗಿಯಿತು. ಅಲ್ಲಿಂದ ಮುಂದಿನ ಊರು. ಒಂದೇ ದಿನಕ್ಕೆ ಮೂರೋ ನಾಲ್ಕೋ.

ಇದನ್ನು ಕೇಳುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ ಒಂದು ದೃಶ್ಯ. ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದಾಗ ಅಕ್ಕನ ಮಗಳ ಶಾಲೆಯ ವಾರ್ಷಿಕೋತ್ಸವ. ಅವಳದು ಕಿತ್ತೂರು ಚೆನ್ನಮ್ಮನ ವೇಷ. ಐದು ಗಂಟೆಗೆ ಕಾರ್ಯಕ್ರಮ ಅಂತ ಮೂರಕ್ಕೇ ಬಣ್ಣ ಹಚ್ಚಿ ಕೂರಿಸಿದ್ದರು. ಮುಖ್ಯ ಅತಿಥಿ ಬಂದದ್ದು ಏಳು ನಲವತ್ತಕ್ಕೆ. ಅಷ್ಟರಲ್ಲಿ ನಿರೂಪಕಿ "ಇನ್ನು ಕೆಲವೇ ಕ್ಷಣಗಳಲ್ಲಿ" ಅಂತ ಇಪ್ಪತ್ತು ಸಲ ಹೇಳಿದ್ದರು. ಬಂದ ಮೇಲೆ ಕೇಳಬೇಕೇ? ಪೂರ್ಣಕುಂಭ, ದೀಪ, ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ವೇದಿಕೆ ಮೇಲೆ ಹತ್ತೊಂಬತ್ತು ಜನ. ಒಬ್ಬೊಬ್ಬರಿಗೂ ಅದೇ ಸರಣಿ. ಫೋಟೊದವನು "ಸಾರ್, ಇನ್ನೊಂದ್ಸಲ" ಅಂದಾಗ ಹಾಕಿದ ಹಾರ ತೆಗೆದು ಮತ್ತೆ ಹಾಕಿದರು. ಅತಿಥಿಗಳು ಶಿಸ್ತಿನ ಬಗ್ಗೆ ಮಾತಾಡಿದರು. ಮಕ್ಕಳ ಕುಣಿತ ಬರುವ ಹೊತ್ತಿಗೆ ಒಂಬತ್ತೂವರೆ. ನಮ್ಮ ಚೆನ್ನಮ್ಮ ಕತ್ತಿ ಹಿಡಿದುಕೊಂಡೇ ಅಕ್ಕನ ತೊಡೆ ಮೇಲೆ ನಿದ್ದೆ ಹೋಗಿದ್ದಳು.

ಅಕ್ಕನಿಗೆ ಸಿಟ್ಟು ಬಂದಿರಲಿಲ್ಲ. "ದೊಡ್ಡೋರು, ಬರೋದು ತಡ ಆಗತ್ತಪ್ಪ" ಅಂದಳು. ನನಗೆ ಹೊಟ್ಟೆ ಉರಿದದ್ದು ಆ ಮಾತಿಗೆ. ತಡವಾಗಿ ಬಂದರೆ ದೊಡ್ಡವರು ಅನ್ನುವ ಲೆಕ್ಕ ನಮ್ಮಲ್ಲಿ ಎಲ್ಲಿಂದ ಬಂತು? ನಿಜವಾದ ರಾಜಮನೆತನದ ಹೆಂಗಸು ನಿಮಿಷ ಲೆಕ್ಕ ಹಾಕಿಕೊಂಡು ಓಡಾಡುತ್ತಾರೆ. ರಾಜರನ್ನು ಇಳಿಸಿದೆವು ಅಂತ ಬೀಗುವ ನಾವು ವಾರ್ಡಿಗೊಬ್ಬ ಮಹಾರಾಜನನ್ನು ಸಾಕಿಕೊಂಡಿದ್ದೇವೆ.

ಇನ್ನೊಂದು ಕಥೆ ಹೇಳಿದರೆ ನಮ್ಮ ಕಡೆಯವರು ನಂಬುವುದೇ ಇಲ್ಲ. 2000ದ ಆಗಸ್ಟಿನಲ್ಲಿ ಆನ್ ನಮ್ಮ ಗ್ಲಾಸ್ಟರ್‌ಶೈರ್‌ನ ರಸ್ತೆಯಲ್ಲೇ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಕಾರ್ಯಕ್ರಮಕ್ಕೆ ಹೊತ್ತಾಗಿತ್ತು. 70 ಮೈಲಿ ಮಿತಿಯ ರಸ್ತೆಯಲ್ಲಿ 93 ಮೈಲಿ ವೇಗ, ಅಂದರೆ ಗಂಟೆಗೆ ಹತ್ತಿರ ಹತ್ತಿರ 150 ಕಿಲೋಮೀಟರ್. ಹಿಂದೆ ಪೊಲೀಸ್ ಕಾರು ದೀಪ ಮಿನುಗಿಸುತ್ತಾ ಬಂತು. ನನಗೆ ದಾರಿ ಮಾಡಿಕೊಡಲು ಬಂದಿದ್ದಾರೆ ಅಂದುಕೊಂಡೆ ಅಂತ ಆಕೆ ಆಮೇಲೆ ಹೇಳಿದರು. ಬಂದದ್ದು ಹಿಡಿಯಲಿಕ್ಕೆ! ಮರುವರ್ಷ ನ್ಯಾಯಾಲಯ 400 ಪೌಂಡ್ ದಂಡ ಹಾಕಿ ಲೈಸೆನ್ಸಿನ ಮೇಲೆ ಐದು ಪಾಯಿಂಟ್ ಬರೆಯಿತು. ಪಾಯಿಂಟ್ ಅಂದರೆ ಹನ್ನೆರಡಾದರೆ ಲೈಸೆನ್ಸ್‌ಗೇ ಕುತ್ತು. ಆಗ ಅವರ ತಾಯಿ ಸಿಂಹಾಸನದ ಮೇಲೆ ಕೂತಿದ್ದ ರಾಣಿ ಅನ್ನುವುದನ್ನು ಮರೆಯಬೇಡಿ. ಮೊಕದ್ದಮೆ ನಡೆಯುವುದೂ ಆ ರಾಣಿಯ ಹೆಸರಿನಲ್ಲೇ.

ಅದಾದ ಒಂದೂವರೆ ವರ್ಷಕ್ಕೆ ನಾಯಿಯ ಪ್ರಕರಣ. ವಿಂಡ್ಸರ್ ಗ್ರೇಟ್ ಪಾರ್ಕಿನಲ್ಲಿ ಇವರ ಡಾಟಿ ಅನ್ನುವ ನಾಯಿ ಇಬ್ಬರು ಮಕ್ಕಳಿಗೆ ಬಾಯಿ ಹಾಕಿತು. 2002ರ ನವೆಂಬರ್‌ನಲ್ಲಿ ರಾಜಕುಮಾರಿ ಗಂಡನ ಜೊತೆ ಕೋರ್ಟಿಗೆ ಬಂದು ನಿಂತು, ತಪ್ಪು ನಂದೇ ಅಂತ ಒಪ್ಪಿಕೊಂಡರು. 500 ಪೌಂಡ್ ದಂಡ, ಮಕ್ಕಳಿಗೆ 250 ಪೌಂಡ್ ಪರಿಹಾರ, ನಾಯಿಗೆ ತರಬೇತಿ. ನಾಯಿಯನ್ನು ಕಂಡವರಿಲ್ಲ, ಮಕ್ಕಳೇ ಕೆಣಕಿದರು, ಇದು ವಿರೋಧಿಗಳ ಪಿತೂರಿ. ಇಂಥ ಮಾತು ಒಂದೂ ಬರಲಿಲ್ಲ.

ಮೈಸೂರಿನಲ್ಲಿ ಒಮ್ಮೆ ಆಟೊದಲ್ಲಿ ಕೂತು ಯಾರೋ ಗಣ್ಯರ ಸಾಲು ಕಾರು ಹೋಗಲಿ ಅಂತ ಇಪ್ಪತ್ತೈದು ನಿಮಿಷ ಕಾದಿದ್ದೆ. ಆಟೊದವರು ಇಂಜಿನ್ ಆರಿಸಿ, ಕಾಲು ಚಾಚಿ, ಎಲೆ ಅಡಿಕೆ ಹಾಕಿಕೊಂಡರು. "ನಮ್ ಹಣೆಬರ ಸಾರ್, ಕಾಯೋದು" ಅಂದರು. ಅವರ ನೆಮ್ಮದಿ ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಈ ಅಮ್ಮ ಮೊದಲಿಂದಲೂ ಜನಪ್ರಿಯರೇನಲ್ಲ. ಎಪ್ಪತ್ತರ ದಶಕದಲ್ಲಿ ಪತ್ರಿಕೆಯವರಿಗೆ ಇವರು ಸಿಡುಕಿ, ಜಂಬದ ಕೋಳಿ. ಕುದುರೆ ಸವಾರಿಯಲ್ಲಿ 1971ರಲ್ಲಿ ಯುರೋಪಿನ ಚಾಂಪಿಯನ್ ಆದರು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿ ಬಿದ್ದು ತಲೆಗೆ ಪೆಟ್ಟಾದರೂ ಮತ್ತೆ ಹತ್ತಿ ಓಟ ಮುಗಿಸಿದರು. 1974ರಲ್ಲಿ ಅರಮನೆ ಮುಂದಿನ ರಸ್ತೆಯಲ್ಲೇ ಒಬ್ಬ ಬಂದೂಕು ಹಿಡಿದು ಅಪಹರಿಸಲು ಬಂದಿದ್ದ. ಅಂಗರಕ್ಷಕ ಸೇರಿ ನಾಲ್ವರಿಗೆ ಗುಂಡು ಹೊಡೆದ. ಕಾರಿಂದ ಇಳಿ ಅಂದರೆ ಆಕೆ, ಹೋಗಯ್ಯಾ, ಇಳಿಯಲ್ಲ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಅವನ ಜೊತೆ ಹೋಗಲೂ ಇಲ್ಲ. ಇಷ್ಟೆಲ್ಲ ಇದ್ದರೂ ಜನ ಮೆಚ್ಚಲು ಹೊತ್ತು ಹಿಡಿಯಿತು. ಮಕ್ಕಳಿಗಾಗಿ ಕೆಲಸ ಮಾಡುವ ಸೇವ್ ದ ಚಿಲ್ಡ್ರನ್ ಸಂಸ್ಥೆಗೆ 1970ರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೆ, ಅಧ್ಯಕ್ಷೆಯಾದರು. 1982ರಲ್ಲಿ ಆ ಕೆಲಸಕ್ಕೆ ಆಫ್ರಿಕಾ ಸುತ್ತಿದರು. ಧೂಳಿನಲ್ಲಿ, ಬಿಸಿಲಿನಲ್ಲಿ, ಶಿಬಿರದಿಂದ ಶಿಬಿರಕ್ಕೆ. ಪತ್ರಿಕೆಯವರ ದನಿ ಬದಲಾದದ್ದು ಆಗಿಂದ. ಅಧ್ಯಕ್ಷೆಯ ಕೆಲಸ ಬಿಟ್ಟದ್ದು 2017ರಲ್ಲಿ. ಬಿಟ್ಟು ಅದೇ ಸಂಸ್ಥೆಯ ಪೋಷಕಿ ಆದರು.

ನಲವತ್ತೇಳು ವರ್ಷ! ನಮ್ಮ ಹದಿನಾರು ಮನೆಯ ಸಂಘದಲ್ಲಿ ಎರಡು ವರ್ಷಕ್ಕೆ ಒಬ್ಬ ಖಜಾಂಚಿ ಮುನಿಸಿಕೊಂಡು ಹೋಗುತ್ತಾನೆ.

ಬಟ್ಟೆಯ ಬಗ್ಗೆ ನನ್ನ ಹೆಂಡತಿ ಬರೆಯಲು ಹೇಳಿದ್ದಾಳೆ, ಬರೆಯದಿದ್ದರೆ ಊಟ ಇಲ್ಲ. ಮೂವತ್ತು ನಲವತ್ತು ವರ್ಷ ಹಳೆಯ ಕೋಟು, ಉಡುಪುಗಳನ್ನು ಆನ್ ಈಗಲೂ ಹಾಕಿಕೊಂಡು ಓಡಾಡುತ್ತಾರೆ. 1981ರಲ್ಲಿ ಅಣ್ಣನ ಮದುವೆಗೆ ಹಾಕಿದ್ದ ಉಡುಪನ್ನೇ 2008ರಲ್ಲಿ ನೆಂಟರ ಮದುವೆಗೂ ಹಾಕಿದ್ದರು. ನಮ್ಮಲ್ಲಿ ಒಂದು ನಾಮಕರಣಕ್ಕೆ ಉಟ್ಟ ಸೀರೆಯನ್ನು ಅದೇ ಬಳಗದ ಗೃಹಪ್ರವೇಶಕ್ಕೆ ಉಡುವ ಹಾಗಿಲ್ಲ. ಕೂದಲು ಕೂಡ ಅದೇ ಎತ್ತಿ ಕಟ್ಟಿದ ಗಂಟು. "ನೋಡಿ, ನಾನೂ ಹಾಗೇ ಇರ್ತೀನಿ" ಅಂದಳು ಹೆಂಡತಿ. ಎರಡೇ ವಾರಕ್ಕೆ ಊರಿಂದ ಮೂರು ಸೀರೆ ಬಂದವು.

ಆನ್ ಅವರ ಮಕ್ಕಳ ವಿಷಯ ಮಾತ್ರ ಹಗುರವಾಗಿ ಬಿಡುವಂಥದ್ದಲ್ಲ. ರಾಣಿಯ ಮೊದಲ ಮೊಮ್ಮಗ ಪೀಟರ್, ಅವನ ತಂಗಿ ಝಾರಾ. ಇಬ್ಬರಿಗೂ ರಾಜಕುಮಾರ ರಾಜಕುಮಾರಿ ಅನ್ನುವ ಪದವಿ ಇಲ್ಲ. ಬಿರುದಿಲ್ಲದೆ ಬೆಳೆದದ್ದೇ ಅವರಿಗೆ ಒಳ್ಳೆಯದಾಯಿತು ಅನ್ನುವ ಅರ್ಥದಲ್ಲಿ ಆನ್ ಮಾತಾಡಿದ್ದಾರೆ. ಝಾರಾ ಅಮ್ಮನ ಹಾಗೆ ಕುದುರೆ ಹತ್ತಿದಳು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತಂಡದ ಜೊತೆ ಬೆಳ್ಳಿ ಗೆದ್ದಳು. ಕೊರಳಿಗೆ ಪದಕ ಹಾಕಿದ್ದು ಒಲಿಂಪಿಕ್ ಸಮಿತಿಯ ಸದಸ್ಯೆಯಾಗಿದ್ದ ಅಮ್ಮನೇ. ಅಮ್ಮನ ಕೈಯಿಂದ ಬಂದರೂ ಗೆದ್ದು ಪಡೆದದ್ದು ಅಂತ ಯಾರೂ ಅನುಮಾನ ಪಡಲಿಲ್ಲ. ನಮ್ಮ ಕಡೆ ನೋಡಿ. ಅರಸರು ಹೋದರು, ರಾಜಧನವನ್ನೂ 1971ರಲ್ಲಿ ನಿಲ್ಲಿಸಿದೆವು. ಆದರೆ ಯುವರಾಜರು ಹೋಗಲಿಲ್ಲ. ಎಲ್ಲ ಪಕ್ಷದ ಫ್ಲೆಕ್ಸ್‌ನಲ್ಲೂ ಇದ್ದಾರೆ. ಅಪ್ಪನ ಫೋಟೊ ದೊಡ್ಡದು, ಪಕ್ಕದಲ್ಲಿ ಕೈ ಮುಗಿದ ಮಗ, ಕೆಳಗೆ ಹುಟ್ಟುಹಬ್ಬದ ಶುಭಾಶಯ ಕೋರುವ ನೂರು ಪಾಸ್‌ಪೋರ್ಟ್ ಮುಖ.

ಇಲ್ಲಿಯವರೆಗೆ ಬರೆದು ಅಕ್ಕನಿಗೆ ಓದಿ ಹೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಲ್ವೋ, ಅಜ್ಜಿ ಹೂ ಮುಡಿಸ್ತಿದ್ದದ್ದು ಅಂಬಾರಿ ನೋಡಿಯಾ?" ಅಂದಳು.

ಅವಳು ಹೇಳಿದ್ದು ಸರಿ. ಸಿಟ್ಟಿನಲ್ಲಿ ಅಷ್ಟು ದೂರ ಹೋಗಿ ಮನೆಯದನ್ನೇ ಮರೆತಿದ್ದೆ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದಾಗ ಮೈಸೂರಿನ ಆಡಳಿತ ಒಬ್ಬ ಹೆಂಗಸಿನ ಕೈಯಲ್ಲಿತ್ತು. ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಗಂಡ ತೀರಿಕೊಂಡು ಮಗ ಇನ್ನೂ ಚಿಕ್ಕವನಿದ್ದಾಗ 1895ರಿಂದ ರಾಜ್ಯ ನೋಡಿಕೊಂಡವರು. ಆ ಮಗ ನಾಲ್ವಡಿ. 1905ಕ್ಕೆ ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ, 1911ಕ್ಕೆ ಕನ್ನಂಬಾಡಿ ಕಟ್ಟೆಯ ಕೆಲಸ ಶುರು, 1915ಕ್ಕೆ ಸಾಹಿತ್ಯ ಪರಿಷತ್ತು, 1916ಕ್ಕೆ ವಿಶ್ವವಿದ್ಯಾಲಯ. ಕಟ್ಟೆಗೆ ಅರಮನೆಯ ಒಡವೆ ಮಾರಿದರು ಅಂತ ಮಂಡ್ಯದ ಕಡೆ ಇವತ್ತೂ ಹೇಳುತ್ತಾರೆ. ಹಿಂದುಳಿದ ಜಾತಿಯವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕು ಅಂತ ಮಿಲ್ಲರ್ ಸಮಿತಿ ಮಾಡಿದ್ದು 1918ರಲ್ಲಿ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗದೆ ಅವರು ಕೆಲಸ ಬಿಟ್ಟು ಹೋದರೂ ನಾಲ್ವಡಿ ಹಿಂದೆ ಸರಿಯಲಿಲ್ಲ. ಇದರ ಮುಂದೆ ಫಲಕದ ಪರದೆ ಎಳೆಯುವುದು ಏನು ಮಹಾ?

ಅದೂ ಅಲ್ಲದೆ, ಆನ್ ಅವರ ಬಗ್ಗೆ ನಾನು ಹೇಳದೆ ನುಂಗಿಕೊಂಡದ್ದೂ ಇದೆ. ಅವರ ಕಾರ್ಯಕ್ರಮದ ಹಿಂದೆ ಜನರ ದುಡ್ಡಿದೆ. 500 ಪೌಂಡ್ ದಂಡ ಅವರಿಗೆ ಕಾಫಿ ದುಡ್ಡು. ನಿಮಿಷಕ್ಕೆ ಸರಿಯಾಗಿ ಬರಲು ಮುಂದೆ ಹಿಂದೆ ಎಷ್ಟೋ ಜನ ದುಡಿಯುತ್ತಾರೆ. ನಮ್ಮ ಶಾಲೆಗೆ ಬಂದ ಆ ಅತಿಥಿ ಅವತ್ತು ಬೆಳಗ್ಗಿಂದ ಎಷ್ಟು ಮದುವೆ, ಎಷ್ಟು ಸಾವಿನ ಮನೆ ಸುತ್ತಿ ಬಂದಿದ್ದರೋ. ಕರೆದ ಕಡೆ ಹೋಗದಿದ್ದರೆ ಮುಂದಿನ ಸಲ ಓಟಿಲ್ಲ. ಆನ್ ಅವರನ್ನು ಯಾರೂ ಓಟು ಹಾಕಿ ಆರಿಸಿಲ್ಲ, ಇಳಿಸುವ ಹಾಗೂ ಇಲ್ಲ. ಅವರಿಗೂ ಆ ವ್ಯವಸ್ಥೆ ನ್ಯಾಯ ಮಾಡಿಲ್ಲ ಅನ್ನಿ. ಹುಟ್ಟಿದಾಗ ಸಿಂಹಾಸನಕ್ಕೆ ಮೂರನೆಯವರಾಗಿದ್ದರು. ಆಮೇಲೆ ಹುಟ್ಟಿದ ಇಬ್ಬರು ತಮ್ಮಂದಿರು, ಗಂಡು ಅನ್ನುವ ಒಂದೇ ಕಾರಣಕ್ಕೆ ಅಕ್ಕನನ್ನು ದಾಟಿ ಮುಂದೆ ಹೋದರು. 2013ರಲ್ಲಿ ಆ ಕಾನೂನು ಬದಲಾಯಿತು, ಆದರೆ 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ ಮಾತ್ರ. ಎಲ್ಲರಿಗಿಂತ ಜಾಸ್ತಿ ದುಡಿದ ಮಗಳು ಸಾಲಿನಲ್ಲಿ ಎಲ್ಲೋ ಹಿಂದೆ.

ನಮ್ಮ ಯದುವೀರ್ ಒಡೆಯರ್ 2024ರಲ್ಲಿ ಮೈಸೂರು ಕೊಡಗು ಕ್ಷೇತ್ರದಿಂದ ಲೋಕಸಭೆಗೆ ನಿಂತಾಗ ನನಗೆ ಇಷ್ಟವಾಗಿರಲಿಲ್ಲ. ನವರಾತ್ರಿಯಲ್ಲಿ ಖಾಸಗಿ ದರ್ಬಾರು ಮಾಡುವವರು ಬಿಸಿಲಲ್ಲಿ ಓಟು ಕೇಳುವುದು ಯಾಕೆ ಅಂತ. ಇಲ್ಲಿನ ರಾಜಮನೆತನ ರಾಜಕೀಯದ ಬಗ್ಗೆ ತುಟಿ ಬಿಚ್ಚುವುದಿಲ್ಲ, ಅದೇ ಸರಿ ಅಂತ ವಾದ ಮಾಡಿದ್ದೆ. ಈಗ ಅಷ್ಟು ಖಚಿತವಿಲ್ಲ. ಅವರ ಹಿಂದಿನ ಶ್ರೀಕಂಠದತ್ತರೂ ನಾಲ್ಕು ಸಲ ಗೆದ್ದಿದ್ದರು, ಸೋತೂ ಇದ್ದರು. ಕೆಲಸ ಸರಿಯಾಗಿ ಮಾಡಿಲ್ಲ ಅಂತ ರಾಜವಂಶದವರನ್ನು ನಿಲ್ಲಿಸಿ ಕೇಳುವ ಹಕ್ಕು ಸಿದ್ದಾರ್ಥನಗರದ ಆಟೊದವರಿಗೆ ಇದೆ. ಗ್ಲಾಸ್ಟರ್‌ಶೈರ್‌ನ ನನ್ನ ನೆರೆಮನೆಯವರಿಗೆ ಇಲ್ಲ. ಆ ಆಟೊದವರು ಕೇಳುತ್ತಾರಾ, ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಾರಾ ಅನ್ನುವುದು ಬೇರೆ ಮಾತು.

ಇಷ್ಟು ಒಪ್ಪಿಕೊಂಡ ಮೇಲೂ ಮೂರು ಗಂಟೆ ಅಂದರೆ ಮೂರು ಗಂಟೆ ಅನ್ನುವುದನ್ನು ನಾನು ಬಿಟ್ಟುಕೊಡುವುದಿಲ್ಲ. 2024ರ ಜೂನ್‌ನಲ್ಲಿ ಆನ್ ತಮ್ಮ ಜಮೀನಿನಲ್ಲೇ ತಲೆಗೆ ಪೆಟ್ಟು ಮಾಡಿಕೊಂಡರು. ಕುದುರೆ ತಾಗಿರಬೇಕು ಅಂದರು ವೈದ್ಯರು, ಅವರಿಗೇ ಏನೂ ನೆನಪಿಲ್ಲ. ಐದು ರಾತ್ರಿ ಬ್ರಿಸ್ಟಲ್‌ನ ಆಸ್ಪತ್ರೆಯಲ್ಲಿದ್ದರು. ಮೂರು ವಾರ ಆಗುವಷ್ಟರಲ್ಲಿ ನಮ್ಮ ಜಿಲ್ಲೆಯ ಹಾರ್ಟ್‌ಪ್ಯುರಿಯಲ್ಲಿ ಅಂಗವಿಕಲರ ಕುದುರೆ ಸವಾರಿ ಸ್ಪರ್ಧೆಗೆ ಬಂದು ನಿಂತಿದ್ದರು. ಆ ಸಂಸ್ಥೆಗೆ 1985ರಿಂದ ಅಧ್ಯಕ್ಷೆ. ವಯಸ್ಸು ಆಗ ಎಪ್ಪತ್ತಮೂರು. ಎಪ್ಪತ್ತಮೂರರ ನಮ್ಮ ಮಾವನವರಿಗೆ ಶೀತವಾದರೆ ಮೂರು ವಾರ ಯಾರೂ ಟಿವಿ ಹಾಕುವ ಹಾಗಿಲ್ಲ.

ಮೇಯರ್ ಕಥೆ ಪೂರ್ತಿ ಹೇಳಲಿಲ್ಲ. ಅವತ್ತು ಕೊನೆಗೆ ನಾಲ್ಕು ಹತ್ತಕ್ಕೆ ಪ್ರಾರ್ಥನೆ ಆಯಿತು. ಸನ್ಮಾನದ ಹೊತ್ತಿಗೆ ಹೊಸ ಸಮಸ್ಯೆ. ಮಾವನವರು ಸೂಟ್‌ಕೇಸಿನಲ್ಲಿ ಜೋಪಾನವಾಗಿ ತಂದಿದ್ದ ಮೈಸೂರು ಪೇಟ ಇತ್ತು. ಹೆಂಗಸರಿಗೆ ಪೇಟ ತೊಡಿಸಬಹುದಾ? ಶಾಲು, ಬಳೆ, ಅರಿಶಿನ ಕುಂಕುಮ ಸಾಕಲ್ವಾ? ವೇದಿಕೆಯ ಪಕ್ಕದಲ್ಲೇ ಐದು ನಿಮಿಷ ಪಿಸುಗುಟ್ಟಿದೆವು. ಮೇಯರ್ ಆ ಜರಿಯನ್ನೇ ನೋಡುತ್ತಿದ್ದರು. ತೊಡಿಸಿದೆವು. ಎತ್ತಿ ಕಟ್ಟಿದ ಗಂಟಿನ ಮೇಲೆ ಅದು ಸರಿಯಾಗಿ ಕೂರಲಿಲ್ಲ, ಆಕೆ ಒಂದು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಇದು ಯಾರ ತಲೆಯ ಮೇಲಿನದು ಅಂತ ಕೇಳಿದರು. ನಮ್ಮ ಅರಸರದು ಅಂದೆ. ಇಪ್ಪತ್ತು ನಿಮಿಷಕ್ಕೆ ಹೊರಡಬೇಕಾದವರು ಏಳರವರೆಗೆ ಕೂತರು. ಹುಲಿವೇಷ ನೋಡಿದರು, ಬಿಸಿಬೇಳೆಬಾತ್‌ಗೆ ಕಣ್ಣೀರು ಹಾಕಿದರು, ವಂದನಾರ್ಪಣೆ ಮುಗಿಯುವವರೆಗೂ ಪೇಟ ತೆಗೆಯಲಿಲ್ಲ. ಹೋಗುವಾಗ, "ವರ್ಷದಿಂದ ಎಷ್ಟೋ ಕಡೆ ಹೋಗಿದ್ದೇನೆ, ಟೀ ಕೊಟ್ಟು ಕೈ ಕುಲುಕುತ್ತಾರೆ, ಅಷ್ಟೇ" ಅಂದರು. ಕಣ್ಣು ಒದ್ದೆಯಾಗಿತ್ತು. ಬಿಸಿಬೇಳೆಬಾತ್‌ನದು ಅಂತ ನಾನು ಅಂದುಕೊಂಡೆ.

ಈ ವರ್ಷ ಉಪಾಯ ಮಾಡಿದೆವು. ಮೇಯರ್ ಆಮಂತ್ರಣದಲ್ಲಿ ಮೂರು ಗಂಟೆ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ಗಂಟೆ. ಇಲ್ಲಿ ಮೇ ತಿಂಗಳಿಗೆ ಮೇಯರ್ ಬದಲಾಗುತ್ತಾರೆ, ಈ ಸಲದವರು ಗಂಡಸು. ಎರಡು ಐವತ್ತೈದಕ್ಕೆ ಬಂದರು. ರಂಗೋಲಿ ಮುಗಿದಿತ್ತು. ಹನ್ನೊಂದು ಜನ ಇದ್ದೆವು. ಅವರು ಕೋಟು ತೆಗೆದು ಕುರ್ಚಿ ಮೇಲಿಟ್ಟು, ಅತ್ತ ಇತ್ತ ನೋಡಿ, ಸ್ವಲ್ಪ ಸಂಕೋಚದಿಂದ ಕೇಳಿದರು: "ಹಿಂದಿನವರು ಏನೋ ಒಂದು ಟರ್ಬನ್ ವಿಷಯ ಹೇಳಿದ್ದರು?"

ಪೇಟ ಇದ್ದದ್ದು ಮೈಕ್ ತರಬೇಕಿದ್ದ ಪುಣ್ಯಾತ್ಮನ ಕಾರಿನಲ್ಲಿ. ಫೋನ್ ಮಾಡಿದೆ. ಎತ್ತಲಿಲ್ಲ.